ಅರಿವೆಯ ತೋರಣ: ತುಂಡು ಬಟ್ಟೆಗಳಿಂದ ಬಾಗಿಲ ಸಿಂಗಾರ

ಬಾಗಿಲು ಮನೆಗೆ ಮುಖವಿದ್ದಂತೆ. ಮುಖವನ್ನು ನೋಡಿ ಮನಸ್ಸನ್ನು ಅರಿಯುವಂತೆ, ತಲೆಬಾಗಿಲನ್ನು ನೋಡಿಯೇ ಆ ಮನೆಯಲ್ಲಿ ಅಂದು ಸಂಭ್ರಮವಿದೆಯೋ ಇಲ್ಲವೋ ಎಂಬುದನ್ನು ದಾರಿಹೋಕನೂ ತಿಳಿಯಬಲ್ಲನು. ಯುಗಾದಿ, ನಾಗರಪಂಚಮಿ, ದಸರೆ, ದೀಪಾವಳಿಗಳಲ್ಲಿಯೂ ಮದುವೆ, ಕುಬಸ, ಮನೆಯೊಕ್ಕಲು ಮೊದಲಾದ ಶುಭಕಾರ್ಯಗಳಲ್ಲಿಯೂ ಬಾಗಿಲಿಗೆ ತೋರಣವನ್ನು ಕಟ್ಟುವುದು ನಮ್ಮ ನಾಡಿನ ಸನಾತನ ರೂಢಿ. ‘ತೋರಣ’ವೆಂಬ ಸಂಸ್ಕೃತ ಶಬ್ದಕ್ಕೆ ಮೂಲದಲ್ಲಿ ಕಮಾನಿನ ಹೆಬ್ಬಾಗಿಲು ಎಂಬರ್ಥವುಂಟು, ಸಾಂಚಿಯ ಸ್ತೂಪದ ನಾಲ್ಕು ಕಡೆಗಳಲ್ಲಿರುವ ಶಿಲಾದ್ವಾರಗಳಿಗೂ ತೋರಣವೆಂದೇ ಹೆಸರು. ಕಾಲಕ್ರಮದಲ್ಲಿ ಬಾಗಿಲಿನ ಹೆಸರು ಬಾಗಿಲಿನ ಭೂಷಣಕ್ಕೆ ನಿಂತಿತು. ಕನ್ನಡದಲ್ಲಿ ‘ತಳಿರು ತೋರಣ’, ‘ಗುಡಿ ತೋರಣ’ ಎಂಬ ಜೋಡುನುಡಿಗಳು ಬಳಕೆಯಲ್ಲಿವೆ. ಎರಡನೆಯದರಲ್ಲಿಯ ‘ಗುಡಿ’ ಎಂಬುದು ದೇವಾಲಯವಲ್ಲ, ಬಾವುಟ. ಎಂದರೆ ತಳಿರಿನೊಡನೆ ಅರಿವೆಯೂ ಮೊದಲಿನಿಂದಲೇ ಸಂಭ್ರಮದ ಸಂಗಾತಿಯಾಗಿ ಬಂದಿದೆ.

ಮಾವಿನೆಲೆಯ ತೋರಣಕ್ಕೆ ಸಮಾನವಾದುದು ಬೇರೊಂದಿಲ್ಲ, ನಿಜ. ಆದರೆ ಅದರ ಹಸಿರು ಎರಡು ದಿನದ್ದು. ಅದು ಬಾಡಿದ ಮೇಲೂ ಬಾಗಿಲು ಬರಿದಾಗಬಾರದೆಂದು ಜನರು ಮಣಿಯ, ನೂಲಿನ, ಅರಿವೆಯ ತೋರಣಗಳನ್ನು ಕಲ್ಪಿಸಿಕೊಂಡರು. ಗುಜರಾತದ ಸೌರಾಷ್ಟ್ರ, ಕಚ್ಛ ಪ್ರದೇಶಗಳಲ್ಲಿ ಕನ್ನಡಿಯ ಚೂರುಗಳನ್ನು ಕೂಡಿಸಿ ಕಸೂತಿ ಹಾಕಿದ ಬಟ್ಟೆಯ ತೋರಣಗಳು ಪ್ರಸಿದ್ಧವಾಗಿವೆ. ಅವುಗಳಲ್ಲಿ ಸಾಲಾಗಿ ಇಳಿಬಿಟ್ಟ ತುಂಡುಗಳು ಮಾವಿನೆಲೆಯ ಅನುಕರಣವೇ ಆಗಿವೆ. ಪಾಶ್ಚಾತ್ಯ ದೇಶಗಳಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಸದಾ ಹಸಿರಾಗಿರುವ ಮರಗಳ ರೆಂಬೆಗಳನ್ನು ಬಳೆಯಂತೆ ಬಾಗಿಸಿ ಬಾಗಿಲಿಗೆ ತೂಗಹಾಕುವರು. ದೇಶ ಬೇರೆ, ಆಕಾರ ಬೇರೆ. ಬರುವವರನ್ನು ಹೊಸ್ತಿಲಿನಲ್ಲಿಯೇ ಎದುರುಗೊಳ್ಳುವ ಭಾವ ಒಂದೇ.

ನೆಲದ ಸಂಪತ್ತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಈ ಸೀಮೆಗೆ ಅರಿವೆಯ ಕೆಲಸ ಹೊರಗಿನಿಂದ ಬಂದುದಲ್ಲ. ಬೈಲಹೊಂಗಲದ ಎರೆಯ ಹೊಲಗಳು ಹತ್ತಿಗೆ ಹೆಸರಾದವು. ಮಲಪ್ರಭೆಯ ದಂಡೆಯ ರಾಮದುರ್ಗ, ಅದರ ನೆರೆಯ ಸುರೇಬಾನ ಇವು ನೇಕಾರರ ಊರುಗಳು. ಅಲ್ಲಿಂದ ಮೂಡಲಿಗೆ ಹೋದರೆ ಸೀರೆಗೆ ಇಳಕಲ್ಲು, ಖಣಕ್ಕೆ ಗುಳೇದಗುಡ್ಡ. ಹೀಗೆ ಬೆಳೆಯುವ ಕೈ, ನೂಲುವ ಕೈ, ನೇಯುವ ಕೈ, ಹೊಲಿಯುವ ಕೈ ಎಲ್ಲವೂ ಒಂದೇ ಸೀಮೆಯಲ್ಲಿ ಕೂಡಿರುವುದು ಅಪರೂಪದ ಯೋಗ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ ಎಂಬ ಹೆಸರುಗಳು ಕಂಡುಬರುತ್ತವೆ. ಕದಿರೂ ಸೂಜಿಯೂ ಹೆಸರಿನೊಡನೆ ಕೂಡಿ ಗೌರವಕ್ಕೆ ಪಾತ್ರವಾದ ಪರಂಪರೆಯಿದು. ಅಂತಹ ನೆಲದಲ್ಲಿ ತುಂಡು ಅರಿವೆಯನ್ನು ಕಸವೆಂದು ಎಣಿಸುವುದು ಹೇಗೆ?

ಎಣಿಸುತ್ತಿರಲಿಲ್ಲವೆಂಬುದಕ್ಕೆ ಮನೆಮನೆಯ ಕೌದಿಯೇ ಸಾಕ್ಷಿ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರುಪದರಾಗಿ ಹಾಸಿ, ಸಾಲುಹೊಲಿಗೆಯಿಂದ ಬಿಗಿದು ಮಾಡಿದ ಕೌದಿಯಲ್ಲಿ ಮಲಗದ ಮಗು ಈ ಸೀಮೆಯಲ್ಲಿ ಇದ್ದಿರಲಾರದು. ಖಣದ ತುಂಡುಗಳಿಂದ ಹೊಲಿದ ಕುಂಚಿಗೆ, ಕುಲಾಯಿಗಳು ಕೂಸಿನ ತಲೆಯನ್ನು ಕಾದವು. ಕಾರಹುಣ್ಣಿಮೆಗೆ ಎತ್ತುಗಳ ಬೆನ್ನಿನ ಮೇಲೆ ಹೊದಿಸುವ ಜೂಲಗಳಲ್ಲಿಯೂ ಬಣ್ಣಬಣ್ಣದ ತುಂಡುಗಳ ಜೋಡಣೆಯನ್ನು ಕಾಣಬಹುದು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಇಂದು ದೇಶವಿದೇಶಗಳ ಪ್ರದರ್ಶನಗಳನ್ನು ಕಂಡಿವೆ. ಅವರು ಕೌದಿಯ ನಾಲ್ಕು ಮೂಲೆಗಳಿಗೆ ಮಡಿಸಿದ ಮುಮ್ಮೂಲೆಯ ಅರಿವೆಯನ್ನು ಸೇರಿಸಿ ಅದನ್ನು ಹೂವೆಂದು ಕರೆಯುವರು. ಹೂವಿಲ್ಲದೆ ಕೌದಿ ಪೂರ್ಣವಾಗದೆಂಬುದು ಅವರ ಭಾವನೆ. ಅರಿವೆಯ ತೋರಣವು ಈ ಕೌದಿಯ ತಂಗಿಯೇ ಸರಿ.

ಅರಿವೆಯ ಆಯ್ಕೆ

ತೋರಣಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ. ಸೂಜಿ, ದಾರ, ಕತ್ತರಿ, ಅಳೆಯುವ ಪಟ್ಟಿ, ಒಂದು ರಟ್ಟು, ಬಳಿಕ ಸಿಂಪಿಗರ ಅಂಗಡಿಯಲ್ಲಿಯೋ ಮನೆಯ ಗಂಟಿನಲ್ಲಿಯೋ ದೊರೆಯುವ ತುಂಡುಗಳು. ಕುಬಸವನ್ನು ಕತ್ತರಿಸುವಾಗ ಉಳಿಯುವ ಖಣದ ಚೂರುಗಳು, ಹರಿದ ಇಳಕಲ್ಲ ಸೀರೆಯ ದಡಿ, ಅದರ ಕೆಂಪು ಸೆರಗು ಇವು ಶೋಭೆಗೆ ಶ್ರೇಷ್ಠ. ಸೀರೆಯ ಒಡಲು ಜೀರ್ಣವಾದರೂ ದಡಿಯು ದಟ್ಟನೆಯ ನೇಯ್ಗೆಯದಾದ್ದರಿಂದ ಬಹುಕಾಲ ಗಟ್ಟಿಯಾಗಿರುವುದು. ಹಿಂಬದಿಗೆ, ಅರ್ಥಾತ್ ಅಸ್ತರಕ್ಕೆ, ಹಳೆಯ ಧೋತರ ಸಾಕು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಹತ್ತಿಯ ಹೊಸ ಅರಿವೆ ಮೊದಲ ತೊಳೆತಕ್ಕೆ ಕುಗ್ಗುವುದು, ಕೃತಕ ನೂಲಿನ ಅರಿವೆ ಕುಗ್ಗದು. ಮುಂಬದಿಗೆ ಒಂದು, ಹಿಂಬದಿಗೆ ಇನ್ನೊಂದು ಕೂಡಿಸಿದರೆ ತೊಳೆದ ಬಳಿಕ ತೋರಣ ಮುದುಡಿ ನಿಲ್ಲುವುದು. ಆದುದರಿಂದ ಎಲ್ಲ ತುಂಡುಗಳನ್ನೂ ಕತ್ತರಿಸುವ ಮೊದಲೇ ತೊಳೆದು ಒಣಗಿಸಿಕೊಳ್ಳಬೇಕು. ಎರಡನೆಯದಾಗಿ, ಕೆಂಪು ಮತ್ತು ಕಡುನೀಲಿ ಅರಿವೆಗಳು ಬಣ್ಣ ಬಿಡುವ ಸಂಭವವುಂಟು. ಒದ್ದೆಯ ಬಿಳಿ ಬಟ್ಟೆಯನ್ನು ಅವುಗಳ ಮೇಲೆ ಒತ್ತಿ ನೋಡಿ, ಬಣ್ಣ ಅಂಟಿದರೆ ಅಂಥವನ್ನು ಬೇರೆಯಾಗಿ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಮೂರನೆಯದಾಗಿ, ಅರಿವೆಯಲ್ಲಿ ಹಾಸು ಹೊಕ್ಕುಗಳೆಂಬ ಎರಡು ದಾರಿಗಳಿವೆ. ಎಲೆಯ ಉದ್ದವು ಹಾಸಿನ ದಿಕ್ಕಿಗೇ ಇರುವಂತೆ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಅರಿವೆ ಎಳೆದಂತೆ ಹಿಗ್ಗುವುದರಿಂದ ಒಂದೆಲೆ ಉದ್ದ, ಒಂದೆಲೆ ಗಿಡ್ಡವಾಗಿ ಸಾಲು ಕೆಡುವುದು.

ಅಳತೆ ಮತ್ತು ಹೊಲಿಗೆ

ಬಾಗಿಲಿನ ಅಗಲವು 3 ಅಡಿ, ಅಂದರೆ ಎರಡು ಮೊಳವೆಂದು ಇಟ್ಟುಕೊಳ್ಳೋಣ. ತೋರಣಕ್ಕೆ ಎರಡು ಅಂಗಗಳು: ಮೇಲಿನ ಪಟ್ಟಿ, ಅದರಿಂದ ಇಳಿಯುವ ಎಲೆಗಳು. 36 ಅಂಗುಲದ ಪಟ್ಟಿಯನ್ನು 4 ಅಂಗುಲದ 9 ಭಾಗಗಳಾಗಿ ವಿಂಗಡಿಸಿ ಒಂದೊಂದು ಭಾಗಕ್ಕೆ ಒಂದೊಂದು ಎಲೆಯಂತೆ 9 ಎಲೆಗಳನ್ನು ಯೋಜಿಸಬೇಕು. ಸಂಖ್ಯೆ ಬೆಸವಾಗಿದ್ದರೆ ನಡುವಣ ಎಲೆ ಬಾಗಿಲಿನ ನಟ್ಟನಡುವೆ ಬರುವುದು.

ಎಲೆಯ ಅಗಲ 3 ಅಂಗುಲ, ಉದ್ದ 6 ಅಂಗುಲ. ಹೊಲಿಗೆಗೆ ಸುತ್ತಲೂ ಅರ್ಧ ಅಂಗುಲ ಬಿಡಬೇಕಾದ್ದರಿಂದ 4 ಅಂಗುಲ ಅಗಲ, 7 ಅಂಗುಲ ಉದ್ದದ ತುಂಡುಗಳು ಬೇಕು. ನಡುವಣದಕ್ಕೆ ಉದ್ದ 8 ಅಂಗುಲ. ರಟ್ಟಿನಲ್ಲಿ ಮಾವಿನೆಲೆಯ ಆಕಾರವನ್ನು ಒಮ್ಮೆ ಕತ್ತರಿಸಿಟ್ಟುಕೊಂಡರೆ ಎಲ್ಲವೂ ಒಂದೇ ಬಗೆಯಾಗುವುವು. ಮುಂಬದಿಯ ಬಣ್ಣದ ತುಂಡನ್ನೂ ಹಿಂಬದಿಯ ಧೋತರದ ತುಂಡನ್ನೂ ಮುಖಕ್ಕೆ ಮುಖ ಕೂಡಿಸಿ, ಮೇಲ್ತುದಿಯನ್ನು ತೆರೆದಿರಿಸಿ ಉಳಿದ ಅಂಚನ್ನು ಒತ್ತಾಗಿ ಹೊಲಿಯಬೇಕು. ಬಳಿಕ ಬಾಗಿದ ಅಂಚಿನಲ್ಲಿ ಹೊಲಿಗೆಗೆ ತಾಗದಂತೆ ಅಲ್ಲಲ್ಲಿ ಸಣ್ಣ ಕಚ್ಚುಗಳನ್ನು ಹಾಕುವುದು ಅವಶ್ಯಕ. ಇದನ್ನು ಬಿಟ್ಟರೆ ಎಲೆಯನ್ನು ಮಗುಚಿದಾಗ ಅಂಚು ಸುಕ್ಕುಗಟ್ಟುವುದು. ತೆರೆದ ಬಾಯಿಯಿಂದ ಎಲೆಯನ್ನು ಮಗುಚಿ, ಮೊಂಡಾದ ಕಡ್ಡಿಯಿಂದ ತುದಿಯನ್ನು ಮೆಲ್ಲಗೆ ಚೂಪುಗೊಳಿಸಿ, ಇಸ್ತ್ರಿ ಮಾಡಿ, ನಡುನರದ ಸ್ಥಾನದಲ್ಲಿ ಬೇರೆ ಬಣ್ಣದ ದಾರದಿಂದ ಸಾಲುಹೊಲಿಗೆ ಹಾಕಿದರೆ ಅದು ಎಲೆಯೆನಿಸುವುದು.

ಪಟ್ಟಿಗೆ 37 ಅಂಗುಲ ಉದ್ದ, 4 ಅಂಗುಲ ಅಗಲದ ಎರಡು ತುಂಡುಗಳು ಬೇಕು. ಮುಂದಿನದು ಸೀರೆಯ ದಡಿ, ಹಿಂದಿನದು ಅಸ್ತರ. ಅಷ್ಟುದ್ದದ ತುಂಡು ಇಲ್ಲದಿದ್ದರೆ ನಾಲ್ಕಾರು ಚೂರುಗಳನ್ನು ಕೂಡಿಸಿಕೊಳ್ಳಬಹುದು. ಇವೆರಡನ್ನೂ ಮುಖಕ್ಕೆ ಮುಖ ಹಿಡಿದು, ಮೇಲಂಚನ್ನೂ ಎರಡು ಪಕ್ಕದ ಅಂಚುಗಳನ್ನೂ ಹೊಲಿಯಬೇಕು. ಹೊಲಿಯುವ ಮೊದಲೇ ಎರಡು ತುದಿ ಮತ್ತು ನಡುವೆ, ಹೀಗೆ ಮೂರು ಕಡೆ ಅರಿವೆಯ ಕುಣಿಕೆಗಳನ್ನು ಒಳಮುಖವಾಗಿ ಮೇಲಂಚಿನ ನಡುವೆ ಇರಿಸಿಕೊಂಡರೆ, ಮಗುಚಿದಾಗ ಅವು ತಾವಾಗಿಯೇ ಹೊರಬರುವುವು. ನಡುವಿನ ಕುಣಿಕೆಯಿಲ್ಲದಿದ್ದರೆ ತೋರಣ ಜೋತುಬೀಳುವುದು. ಪಟ್ಟಿಯನ್ನು ಮಗುಚಿ, ಕೆಳಗಿನ ಎರಡಂಚುಗಳನ್ನು ಅರ್ಧರ್ಧ ಅಂಗುಲ ಒಳಕ್ಕೆ ಮಡಿಸಿ, ಆ ತೆರೆದ ಬಾಯಿಯೊಳಗೆ ಎಲೆಗಳ ಮೇಲ್ತುದಿಯನ್ನು ಅರ್ಧ ಅಂಗುಲ ಸೇರಿಸಿ, ಮೊದಲು ಕಚ್ಚಾ ಹೊಲಿಗೆಯಿಂದ ನಿಲ್ಲಿಸಿ, ನೇರವಾಗಿದೆಯೆಂದು ನೋಡಿಕೊಂಡು ಪಕ್ಕಾ ಹೊಲಿಗೆ ಹಾಕಬೇಕು. ಎಲೆ ಎಲೆಯ ನಡುವೆ ಒಂದಂಗುಲ, ಎರಡು ತುದಿಗಳಲ್ಲಿ ಅರ್ಧಂಗುಲ ತೆರವು ಉಳಿಯುವುದು. ಎಲ್ಲ ತುಂಡುಗಳನ್ನು ಕೂಡಿಸಿ ಲೆಕ್ಕ ಹಾಕಿದರೂ ಒಂದು ಗಜ ಅರಿವೆ ಹಿಡಿಯುವುದಿಲ್ಲ.

ಚಿಕ್ಕ ಮಕ್ಕಳಿಗೆ ಇದಕ್ಕಿಂತ ಸುಲಭವಾದ ದಾರಿಯೊಂದುಂಟು. 8 ಅಂಗುಲದ ಚೌಕ ತುಂಡನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ಅದನ್ನೇ ಇನ್ನೊಮ್ಮೆ ನಡುವೆ ಮಡಿಸಿದರೆ ಮುಮ್ಮೂಲೆಯಾಗುವುದು. ಕತ್ತರಿಸಿದ ಅಂಚುಗಳೆಲ್ಲ ಒಂದೇ ಬದಿಗೆ ಬರುವುದರಿಂದ ಆ ಬದಿಯನ್ನು ಪಟ್ಟಿಯೊಳಗೆ ಸೇರಿಸಿದರೆ ನೂಲು ಬಿಚ್ಚುವ ಭಯವಿಲ್ಲ, ಮಗುಚುವ ಕೆಲಸವೂ ಇಲ್ಲ. ನಾಲ್ಕು ನಾಲ್ಕು ಅಂಗುಲಕ್ಕೆ ಒಂದರಂತೆ, ಒಂದರ ಅರ್ಧದ ಮೇಲೆ ಇನ್ನೊಂದು ಬರುವ ಹಾಗೆ ಇಟ್ಟರೆ 8 ಮುಮ್ಮೂಲೆಗಳಿಂದ 36 ಅಂಗುಲ ತುಂಬುವುದು. ಗಣಿತದ ಪಾಠವೂ ಇದರಲ್ಲಿಯೇ ಅಡಗಿದೆ.

ದುಂಡನೆಯ ಬಾಗಿಲಮಾಲೆಯನ್ನು ಬಯಸುವವರು ಕೊಡ ಹೊರುವ ಹೆಂಗಸರ ಸಿಂಬೆಯನ್ನು ನೆನೆದರೆ ಸಾಕು. ಬಿದಿರಿನ ಸೀಳನ್ನು ಬಳೆಯಂತೆ ಬಾಗಿಸಿ ಕಟ್ಟಿ, ಅದಕ್ಕೆ ಹಳೆಯ ಅರಿವೆಯನ್ನು ಸಿಂಬೆಯಂತೆ ಸುತ್ತಿ, ಮೇಲೆ ಗೇಣುದ್ದದ ಬಣ್ಣದ ಪಟ್ಟಿಗಳನ್ನು ಒತ್ತೊತ್ತಾಗಿ ಗಂಟು ಹಾಕುತ್ತ ಹೋದರೆ ಸೂಜಿಯಿಲ್ಲದೆಯೇ ಮಾಲೆ ಸಿದ್ಧವಾಗುವುದು.

ಅಲಂಕರಣ ಮತ್ತು ರಕ್ಷಣೆ

ಬಲ್ಲವರು ಪಟ್ಟಿಯ ಮೇಲೆ ಕಸೂತಿಯನ್ನು ಹಾಕಬಹುದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬವು ಕಸೂತಿಯ ನಾಲ್ಕು ಹೊಲಿಗೆಗಳು. ಅರಿವೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆಗಳನ್ನೆಣಿಸಿ ಗೋಪುರ, ತೇರು, ತೊಟ್ಟಿಲು, ನವಿಲುಗಳನ್ನು ಮೂಡಿಸುವುದು ಅದರ ವೈಶಿಷ್ಟ್ಯ. ಗವಂತಿಯಲ್ಲಂತೂ ಹಿಂದುಮುಂದುಗಳೆರಡೂ ಒಂದೇ ಆಗಿ ಕಾಣುವುವು. ಎಲೆಯ ತುದಿಗೆ ನೂಲಿನ ಗೊಂಡೆ, ಮಣಿ ಪೋಣಿಸಿದರೆ ಇನ್ನಷ್ಟು ಚೆಲುವು. ಆದರೆ ಈ ಸೀಮೆಯ ಹಳೆಯ ಮನೆಗಳ ಬಾಗಿಲುಗಳು ತಲೆಬಾಗಿ ಒಳಹೊಗುವಷ್ಟು ಗಿಡ್ಡವಾಗಿರುವುದರಿಂದ, ಗೊಂಡೆಯು ಬರುವವರ ಹಣೆಗೆ ತಾಗದಂತೆ ನೋಡಿಕೊಳ್ಳಬೇಕು. ಸ್ವಾಗತಿಸುವ ತೋರಣ ತೊಡಕಾಗಬಾರದು.

ಹಬ್ಬ ಮುಗಿದ ಮೇಲೆ ಧೂಳು ಕೊಡವಿ, ತೊಳೆದು, ನೆರಳಿನಲ್ಲಿ ಒಣಗಿಸಿ, ಮಡಿಸದೆ ಸುರುಳಿ ಸುತ್ತಿ, ಒಣಗಿದ ಬೇವಿನೆಲೆಯೊಡನೆ ಇಡಬೇಕು. ಗಂಜಿಯನ್ನು ಹಾಕಿ ಇಟ್ಟರೆ ಹುಳಕ್ಕೆ ಆಹಾರವಾಗುವುದು. ಗಂಜಿ ಬೇಕಾದರೆ ಕಟ್ಟುವ ಮುನ್ನಾದಿನ ಹಾಕತಕ್ಕದ್ದು.

ಶಾಲೆಗಳಿಗೆ ಸಂಬಂಧಿಸಿದ ಮಾತೊಂದನ್ನು ಇಲ್ಲಿಯೇ ಹೇಳುವುದು ಯುಕ್ತ. ಅಗಸ್ಟ್ 15, ಜನವರಿ 26ರಂದು ಉತ್ಸಾಹದಿಂದ ರಾಷ್ಟ್ರಧ್ವಜಗಳನ್ನೇ ಸರಮಾಡಿ ತೋರಣ ಕಟ್ಟುವುದುಂಟು. 2002ರ ಭಾರತದ ಧ್ವಜಸಂಹಿತೆಯ ಪ್ರಕಾರ ಧ್ವಜವನ್ನು ತೋರಣವಾಗಿಯೂ ಅಲಂಕಾರದ ವಸ್ತುವಾಗಿಯೂ ಬಳಸಕೂಡದು. ಅಂದಿಗೂ ಬಣ್ಣದ ಎಲೆಗಳ ತೋರಣವೇ ಯೋಗ್ಯ. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ಧ್ವಜಗಳಿಗೂ ಅಲಂಕಾರದ ಥರ್ಮೋಕೋಲಿಗೂ ನಿಷೇಧವಿದೆ. ಆದರೂ ಪೇಟೆಯಿಂದ ತಂದ ಪ್ಲಾಸ್ಟಿಕ್ ಎಲೆಗಳ ಸರಗಳು ಅನೇಕ ಬಾಗಿಲುಗಳಲ್ಲಿ ತೂಗುತ್ತಿವೆ. ಬಣ್ಣಗೆಟ್ಟ ಬಳಿಕ ಅವು ಗಟಾರವನ್ನೂ ಹೊಲವನ್ನೂ ಸೇರಿ ಕೊಳೆಯದೆ ಉಳಿಯುವುವು.

ಕೈಗೆ ಕೈ ದಾಟುವ ವಿದ್ಯೆ

ಇದಕ್ಕಿಂತಲೂ ದೊಡ್ಡದಾದ ಹಾನಿಯೊಂದಿದೆ. ಕೌದಿಯನ್ನು ಹೊಲಿಯಬಲ್ಲ ಮುದುಕಿಯರ ವಿದ್ಯೆಗೆ ಗ್ರಂಥವಿಲ್ಲ. ಅದು ಕೈಯಿಂದ ಕೈಗೆ ಬಂದುದು. ಕಲಿಯುವ ಕೈ ಎದುರಿಗಿಲ್ಲದಿದ್ದರೆ ಅದು ಅವರೊಡನೆಯೇ ಮರೆಯಾಗುವುದು. ಕೌದಿಯನ್ನು ಮುಗಿಸಲು ವಾರಗಟ್ಟಲೆ ತಾಳ್ಮೆ ಬೇಕು. ಇಂದಿನ ಬಾಲಕ ಬಾಲಕಿಯರಿಗೆ ಅಷ್ಟು ಬಿಡುವಿಲ್ಲ. ಆದರೆ ತೋರಣದ ಒಂದೆಲೆಯನ್ನು ಒಂದು ಮಧ್ಯಾಹ್ನದಲ್ಲಿ ಹೊಲಿಯಬಹುದು. ಅದರಲ್ಲಿ ಅಳತೆ, ಕತ್ತರಿಕೆ, ಕಚ್ಚಾ ಹೊಲಿಗೆ, ಪಕ್ಕಾ ಹೊಲಿಗೆ ಎಲ್ಲವೂ ಬರುವುವು. ಒಂಬತ್ತು ಮಕ್ಕಳು ಒಂಬತ್ತು ಎಲೆಗಳನ್ನು ಹೊಲಿದರೆ ಒಂದು ಬಾಗಿಲು ಸಿಂಗಾರಗೊಳ್ಳುವುದು. ಊರಿನ ಕೌದಿ ಹೊಲಿಯುವ ತಾಯಂದಿರನ್ನು ಉದ್ಯೋಗದ ತಾಸಿಗೆ ಗೌರವದಿಂದ ಕರೆಸಿ, ಅವರಿಗೆ ತಕ್ಕ ಸಂಭಾವನೆಯನ್ನಿತ್ತು ಮಕ್ಕಳೆದುರು ಕುಳ್ಳಿರಿಸಿದರೆ, ಅಕ್ಷರ ಕಲಿಯದ ಆ ಕೈಗಳೂ ಗುರುಸ್ಥಾನವನ್ನು ಪಡೆಯುವುವು. ಇದಕ್ಕೆ ತಗಲುವ ವೆಚ್ಚ ಅಲ್ಪ, ಫಲ ಅಧಿಕ. ಗಂಡುಮಕ್ಕಳಿಗೂ ಈ ಕೆಲಸ ಸಲ್ಲುವುದು. ಸಿಂಪಿಗರು ಗಂಡಸರೇ ಅಲ್ಲವೆ?

ಅಂಗಡಿಯ ತೋರಣಕ್ಕೆ ಬೆಲೆಯುಂಟು, ಕಥೆಯಿಲ್ಲ. ಮನೆಯ ತೋರಣದಲ್ಲಿ ಅಜ್ಜಿಯ ಮದುವೆಯ ಸೀರೆಯ ದಡಿಯುಂಟು, ಅಜ್ಜನ ರುಮಾಲಿನ ತುಂಡುಂಟು, ಈಗ ಬೆಳೆದುನಿಂತ ಮಗನ ಕುಲಾಯಿಯ ಖಣವುಂಟು. ತೀರಿಹೋದವರ ಅರಿವೆಯೊಂದು ಹಬ್ಬದ ದಿನ ಬಾಗಿಲಿನಲ್ಲಿ ನಿಂತು ಬರುವವರನ್ನು ಎದುರುಗೊಳ್ಳುವುದೆಂದರೆ ಅದು ಬರಿಯ ಅಲಂಕಾರವಲ್ಲ. ಒಂದು ತುಂಡು ಗಾಳಿಗೆ ಹಾರಿಹೋಗುವುದು. ಹಲವು ತುಂಡುಗಳು ಒಂದು ದಾರದಲ್ಲಿ ಕೂಡಿದರೆ ತೋರಣವಾಗುವುದು. ಮನೆಗೂ ಶಾಲೆಗೂ ಊರಿಗೂ ಈ ನ್ಯಾಯವೇ ಸಲ್ಲುವುದು.