ನಿಮಗಿದು ಗೊತ್ತೆ? ಅಂಚೆಯಲ್ಲಿ ಬಂದ ಬಳ್ಳಿಯ ಗುರುತು

ಫಿಲೋಡೆಂಡ್ರಾನ್ ಎಂಬ ಹೆಸರಿಗೆ ಹಣ ತೆತ್ತು ಅಂಚೆಯಲ್ಲಿ ತರಿಸಿಕೊಂಡ ಬಳ್ಳಿಯು ವಸ್ತುತಃ ಮನೆಮನೆಯ ಮನಿ ಪ್ಲಾಂಟೇ ಆಗಿರುವುದುಂಟು. ಎಳೆಯ ಪ್ರಾಯದಲ್ಲಿ ಎರಡರ ಎಲೆಯೂ ಹೃದಯಾಕಾರದ್ದಾದುದರಿಂದ, ಎಲೆಯೊಂದನ್ನೇ ನೋಡಿ ನಿರ್ಣಯಿಸುವವರು ಮೋಸಹೋಗುವುದು ಸಹಜ. ಆದರೆ ಚಿಗುರು ಮೂಡುವ ಗೆಣ್ಣನ್ನು ಕೆಲವು ದಿನ ಗಮನವಿಟ್ಟು ನೋಡಿದವರಿಗೆ ಸಂದೇಹ ಉಳಿಯದು: ಫಿಲೋಡೆಂಡ್ರಾನಿನ ಎಳೆಯೆಲೆಯು ತೆಳುವಾದ ಪೊರೆಯೊಂದರಲ್ಲಿ ಸುತ್ತಿಕೊಂಡು ಹೊರಬಂದು, ತಾನು ಬಿಚ್ಚಿಕೊಂಡ ಬಳಿಕ ಆ ಪೊರೆಯನ್ನು ಒಣಗಲು ಬಿಡುವುದು, ಮನಿ ಪ್ಲಾಂಟಿನಲ್ಲಾದರೋ ಅಂತಹ ಪ್ರತ್ಯೇಕ ಪೊರೆಯಿಲ್ಲದೆ, ಹಿಂದಿನ ಎಲೆಯ ತೊಟ್ಟಿನ ಅಂಚಿನೊಳಗಿಂದಲೇ ಮುಂದಿನ ಎಲೆ ಸುರುಳಿ ಬಿಚ್ಚುವುದು. ಮನಿ ಪ್ಲಾಂಟಿನ ತೊಟ್ಟಿನ ಮೇಲ್ಭಾಗವನ್ನು ಬೆರಳಿನಿಂದ ಸವರಿದರೆ ಉದ್ದಕ್ಕೂ ಸಾಗಿದ ತೋಡು ಸ್ಪಷ್ಟವಾಗಿ ತಾಗುತ್ತದೆ.

ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದ ಈ ಮನಿ ಪ್ಲಾಂಟ್ ಹೂ ಬಿಡುವುದು ಅತಿ ವಿರಳವಾದ ಕಾರಣ, ಪುಷ್ಪಲಕ್ಷಣಗಳನ್ನೇ ಬಹುವಾಗಿ ನಂಬುವ ಸಸ್ಯಶಾಸ್ತ್ರಜ್ಞರೂ 1880ರಲ್ಲಿ ಇದನ್ನು ಪೋಥೋಸ್ ಕುಲಕ್ಕೆ ಸೇರಿಸಿ, 1962ರಲ್ಲಿ ಹೂ ಕಂಡ ಮೇಲೆ ರಾಫಿಡೋಫೋರಾ ಎಂದೂ, 1964ರಲ್ಲಿ ಎಪಿಪ್ರೆಮ್ನಮ್ ಎಂದೂ ಹೆಸರು ಬದಲಿಸಬೇಕಾಯಿತು.

ಮನಿ ಪ್ಲಾಂಟನ್ನು ಫಿಲೋಡೆಂಡ್ರಾನ್ ಎಂದು ಮಾರುವುದಕ್ಕಿಂತ ಖೇದಕರವಾದುದು, ಫಿಲೋಡೆಂಡ್ರಾನಿನಲ್ಲೇ ‘ಪಿಂಕ್ ಪ್ರಿನ್ಸೆಸ್’ ತಳಿಯೆಂದು ಹೇಳಿ ‘ಪಿಂಕ್ ಕಾಂಗೋ’ ತಳಿಯನ್ನು ಕಳುಹಿಸುವುದು. ರಾಸಾಯನಿಕ ಪ್ರಯೋಗದಿಂದ ಇಡಿಯಾಗಿ ಗುಲಾಬಿ ವರ್ಣ ತಳೆದ ಕಾಂಗೋದ ಹೊಸ ಎಲೆಗಳು ಕೆಲವೇ ತಿಂಗಳಲ್ಲಿ ಹಸಿರಾಗಿ ಮೂಡತೊಡಗುವುವು. ನಿಜವಾದ ಪ್ರಿನ್ಸೆಸ್ಸಿನಲ್ಲಿ ಗುಲಾಬಿಯು ಕಡುಹಸಿರಿನ ನಡುವೆ ಎಲೆಯಿಂದೆಲೆಗೆ ಬೇರೆ ಬೇರೆಯಾಗಿ ಹರಡಿ, ಕಾಂಡದ ಮೇಲೂ ಗೆರೆಗಳಾಗಿ ಕಾಣಿಸುವುದರಿಂದ, ಕೊಳ್ಳುವ ಮೊದಲೇ ಕಾಂಡದ ಚಿತ್ರವನ್ನು ಕೇಳಿ ತರಿಸಿಕೊಳ್ಳುವುದು ಲೇಸು.