ಬೆಟ್ಟ ಮರೆಯಾದ್ರೆ ಟಿ.ವಿ. ಹೋಗುತ್ತೆ

"ಟಿ.ವಿ. ಹೋಯ್ತು ಕಣೇ..."

ಅಮ್ಮನ ಫೋನ್ ಬಂದಾಗ ನಾನು ಬೆಂಗಳೂರಿನಲ್ಲಿ ಆಫೀಸ್ ಕ್ಯಾಬ್‌ನಲ್ಲಿದ್ದೆ. ಹಸ್ತ ಮಳೆಯ ದಿನಗಳು, ಸಂಜೆ ಏಳು ಗಂಟೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಅದು ಧಾರಾವಾಹಿಯ ಹೊತ್ತು.

"ಮಳೆ ಅಲ್ವೇನಮ್ಮ, ನಿಂತ ಮೇಲೆ ಬರುತ್ತೆ ಬಿಡು" ಅಂದೆ.

"ನಾನೂ ಅದನ್ನೇ ಹೇಳ್ದೆ. ನಿಮ್ಮಪ್ಪ ಕೇಳ್ಬೇಕಲ್ಲ! ಡಿಶ್ ಸರಿ ಮಾಡ್ತೀನಿ ಅಂತ ಕೊಡೆ ಹಿಡ್ಕೊಂಡು ಟೆರೇಸಿಗೆ ಹೋಗಿದಾರೆ."

ನಕ್ಕು ಫೋನ್ ಇಟ್ಟೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್. ಈ ಸಲ ಪಕ್ಕದ ಮನೆ ಆಂಟಿ. ಪಾಚಿ ಕಟ್ಟಿದ್ದ ಮೆಟ್ಟಿಲ ಮೇಲೆ ಅಪ್ಪ ಜಾರಿ ಬಿದ್ದಿದ್ದರು. ಬಲಗೈ ಊರಿದ ರಭಸಕ್ಕೆ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಬಸ್ ಹಿಡಿದು ನಾನು ಮನೆ ಸೇರಿದಾಗ ರಾತ್ರಿ ಹನ್ನೊಂದೂವರೆ. ಹಾಲ್‌ನಲ್ಲಿ ಟಿ.ವಿ. ತನ್ನ ಪಾಡಿಗೆ ಓಡುತ್ತಿತ್ತು. "ನಿಮ್ಮಪ್ಪನ್ನ ಆಟೊ ಹತ್ತಿಸ್ತಿದ್ದಾಗ್ಲೇ ಬಂತು ಕಣೇ" ಅಂದಳು ಅಮ್ಮ. ಮಳೆ ಕಡಿಮೆಯಾಗಿತ್ತು, ಸಿಗ್ನಲ್ ತಾನಾಗಿ ವಾಪಸ್ ಬಂದಿತ್ತು. ಅಪ್ಪ ಮೇಲೆ ಹತ್ತಬೇಕಾಗಿಯೇ ಇರಲಿಲ್ಲ.

ಮನೆಯಲ್ಲಿ ಮಲಗಿದ್ದ ಅಪ್ಪನ ಪಕ್ಕ ಕೂತು ಆ ವಾರವೆಲ್ಲ ನಾನು ಓದಿದ್ದು ಒಂದೇ ವಿಷಯ: ಮಳೆ ಬಂದರೆ ಡಿಶ್‌ಗೆ ಆಗೋದಾದರೂ ಏನು?

ಆಂಟೆನಾ ಕಾಲದ ಅಭ್ಯಾಸ

ಮೊದಲು ಅಪ್ಪನ ಪರವಾಗಿ ಎರಡು ಮಾತು. 1987-88ರಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಬರುತ್ತಿದ್ದಾಗ ನಮ್ಮ ಬೀದಿಯ ಅಧಿಕೃತ ಆಂಟೆನಾ ತಜ್ಞರು ಅವರೇ ಅಂತೆ. ಮೇಲಿನಿಂದ ಅವರು "ಬಂತಾ?" ಅನ್ನೋದು, ಕೆಳಗಿನಿಂದ ಮನೆಮಂದಿಯೆಲ್ಲ "ಇಲ್ಲ... ಇಲ್ಲ... ಬಂತು ಬಂತು, ಬಿಟ್ಬಿಡಿ!" ಅನ್ನೋದು. ಅಲ್ಯುಮಿನಿಯಂ ಕಡ್ಡಿಗಳ ಆ ಆಂಟೆನಾವನ್ನು ಚೂರು ಆಚೀಚೆ ತಿರುಗಿಸಿದರೆ ನಿಜಕ್ಕೂ ಚಿತ್ರ ಸುಧಾರಿಸುತ್ತಿತ್ತು. ಸಿಗ್ನಲ್ ಅರ್ಧಂಬರ್ಧ ಇದ್ದರೂ ಚುಕ್ಕಿಗಳ ನಡುವೆ ರಾಮ, ಲಕ್ಷ್ಮಣರ ಆಕಾರ ಕಾಣುತ್ತಿತ್ತು.

ಈಗಿನದು ಡಿಜಿಟಲ್. ಇಲ್ಲಿ ಮಸುಕು ಚಿತ್ರ ಅನ್ನೋದೇ ಇಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲಿರುವವರೆಗೆ ಚಿತ್ರ ನಿಚ್ಚಳ. ಆ ಗೆರೆ ಹತ್ತಿರ ಬಂದಾಗ ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ, ಮಾತು ತುಂಡಾಗುತ್ತೆ. ಗೆರೆ ದಾಟಿದರೆ ಪೂರ್ತಿ ಕತ್ತಲೆ. ಅದಕ್ಕೇ ಚೆನ್ನಾಗಿ ಬರುತ್ತಿದ್ದ ಟಿ.ವಿ. ಅರ್ಧ ನಿಮಿಷದಲ್ಲಿ ಕೆಟ್ಟೇ ಹೋಯಿತು ಅನ್ನಿಸೋದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಸುಮಾರು 60 ಸೆಂ.ಮೀ. ಅಗಲದ ಡಿಶ್‌ನ ನೋಟ ತುಂಬಾ ಕಿರಿದು. ಎರಡು ಡಿಗ್ರಿ ಸರಿದರೂ ಸಿಗ್ನಲ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ. ಗಡಿಯಾರದ ದೊಡ್ಡ ಮುಳ್ಳು ಒಂದು ನಿಮಿಷದಲ್ಲಿ ಸರಿಯುವುದು 6 ಡಿಗ್ರಿ. ಅದರ ಮೂರನೇ ಒಂದು ಪಾಲು ಅಂದ್ರೆ ಎಷ್ಟು ಸಣ್ಣದು ನೋಡಿ. ಮಳೆಯಲ್ಲಿ ನಿಂತು ಡಿಶ್ ಅಲ್ಲಾಡಿಸಿದವರು ಅದನ್ನು ಸರಿ ಮಾಡುವ ಸಾಧ್ಯತೆ ಕಡಿಮೆ, ಕೆಡಿಸುವ ಸಾಧ್ಯತೆಯೇ ಜಾಸ್ತಿ.

ಕೊನೆಯ ನಾಲ್ಕೈದು ಕಿ.ಮೀ.ನ ಕಥೆ

ನಮ್ಮ ಟಿ.ವಿ. ಉಪಗ್ರಹಗಳಿರುವುದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಉದಾಹರಣೆಗೆ ದೂರದರ್ಶನದ ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಇಸ್ರೋದ ಈ ಉಪಗ್ರಹ 2015ರ ನವೆಂಬರ್‌ನಲ್ಲಿ ಉಡಾವಣೆಯಾಯಿತು. ಇಂಥ ಉಪಗ್ರಹಗಳ ಮೇಲೆ ಹಗಲು ರಾತ್ರಿ ಕಣ್ಣಿಟ್ಟಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರೋದು ನಮ್ಮ ಪಕ್ಕದ ಹಾಸನದಲ್ಲಿ, 1982ರಿಂದ.

ಅಷ್ಟು ದೂರದಿಂದ ಬರುವ ಸಿಗ್ನಲ್‌ಗೆ ದಾರಿಯುದ್ದಕ್ಕೂ ಅಡ್ಡಿಯೇ ಇಲ್ಲ. ಮಳೆಹನಿ ಸಿಗೋದು ಕೊನೆಯ ನಾಲ್ಕೈದು ಕಿಲೋಮೀಟರ್‌ನಲ್ಲಿ ಮಾತ್ರ. ಅದಕ್ಕಿಂತ ಮೇಲೆ ಮೋಡದಲ್ಲಿರುವುದು ಹೆಚ್ಚಾಗಿ ಮಂಜುಗಡ್ಡೆ, ಅದರಿಂದ ಅಷ್ಟು ತೊಂದರೆ ಇಲ್ಲ. ತೊಂದರೆ ಕೊಡೋದು ನೀರು.

ಮನೆ ಡಿಶ್‌ಗಳಿಗೆ ಬರುವ ಸಿಗ್ನಲ್ ಕೆಯು-ಬ್ಯಾಂಡ್‌ನದ್ದು, ಸುಮಾರು 11-12 ಗಿಗಾಹರ್ಟ್ಸ್. ಅದರ ಅಲೆಯ ಉದ್ದ ಎರಡೂವರೆ ಸೆಂ.ಮೀ. ಅಷ್ಟೇ. ದಪ್ಪ ಮಳೆಹನಿ ಅರ್ಧ ಸೆಂ.ಮೀ.ವರೆಗೂ ಇರಬಹುದು. ಅಲೆ ಮತ್ತು ಹನಿಯ ಗಾತ್ರ ಹೀಗೆ ಹತ್ತಿರವಾದಾಗ ಹನಿಗಳು ಅಲೆಯ ಶಕ್ತಿಯನ್ನು ಒಂದಷ್ಟು ಹೀರಿಕೊಂಡು ಒಂದಷ್ಟನ್ನು ಅತ್ತಿತ್ತ ಚದುರಿಸುತ್ತವೆ.

ಗಂಟೆಗೆ 5 ಮಿ.ಮೀ. ಲೆಕ್ಕದ ಸಾಧಾರಣ ಮಳೆಯಲ್ಲಿ ಪ್ರತಿ ಕಿಲೋಮೀಟರ್‌ಗೆ ನಷ್ಟವಾಗೋದು ಸುಮಾರು ಶೇ 4. ಡಿಶ್ ಅದನ್ನು ಆರಾಮಾಗಿ ತಡೆದುಕೊಳ್ಳುತ್ತೆ. ಗಂಟೆಗೆ 100 ಮಿ.ಮೀ. ಲೆಕ್ಕದಲ್ಲಿ ಧೋ ಅಂತ ಸುರಿದರೆ ಪ್ರತಿ ಕಿಲೋಮೀಟರ್‌ಗೆ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಹೋಗುತ್ತೆ. ಅಂಥ ಮಳೆ ಮೂರು ಕಿಲೋಮೀಟರ್ ಇದ್ದರೆ ಉಳಿಯೋದು ಐವತ್ತನೇ ಒಂದು ಪಾಲಿನಷ್ಟು. ಆಗ ಯಾವ ಕಂಪನಿಯ ಡಿಶ್ ಆದರೂ ಕೈಚೆಲ್ಲಲೇಬೇಕು.

ಅಂದರೆ ಲೆಕ್ಕಕ್ಕೆ ಬರೋದು ದಿನಕ್ಕೆ ಎಷ್ಟು ಮಳೆ ಬಿತ್ತು ಅನ್ನೋದಲ್ಲ, ಆ ಗಳಿಗೆಯಲ್ಲಿ ಎಷ್ಟು ಬಿರುಸಾಗಿ ಬಿತ್ತು ಅನ್ನೋದು. ಜೂನ್-ಜುಲೈನಲ್ಲಿ ಮೈಸೂರಿಗೆ ಬರೋದು ಹೆಚ್ಚಾಗಿ ಜಿಟಿಜಿಟಿ ಮಳೆ. ದಿನವಿಡೀ ಹನಿದರೂ ಟಿ.ವಿ. ಓಡುತ್ತಲೇ ಇರುತ್ತೆ. ಭರಣಿ, ಕೃತ್ತಿಕೆಯ ಬೇಸಿಗೆ ಮಳೆ, ಆಮೇಲೆ ಹಸ್ತ, ಚಿತ್ತೆ ಮಳೆ ಹಾಗಲ್ಲ. ಹಗಲೆಲ್ಲ ಕಾದು, ಸಂಜೆ ಗುಡುಗು ಸಿಡಿಲಿನ ಜೊತೆ ಒಮ್ಮೆಲೇ ಸುರಿಯುತ್ತೆ. ಅಮ್ಮನ ಧಾರಾವಾಹಿಯ ಹೊತ್ತೂ ಅದೇ.

ಅಮ್ಮನ ಹವಾಮಾನ ಇಲಾಖೆ

ಇಷ್ಟೆಲ್ಲ ಓದಿ ಅಮ್ಮನಿಗೆ ವಿವರಿಸಿದರೆ ಅವಳು, "ಅದೆಲ್ಲ ಗೊತ್ತಿಲ್ಲಪ್ಪ. ಬೆಟ್ಟ ಮರೆಯಾದ್ರೆ ಟಿ.ವಿ. ಹೋಗುತ್ತೆ, ಅಷ್ಟು ಗೊತ್ತು" ಅಂದಳು. ನಮ್ಮ ಬಾಲ್ಕನಿಯಿಂದ ಚಾಮುಂಡಿ ಬೆಟ್ಟ ಕಾಣುತ್ತೆ. ಬೆಟ್ಟದ ಮೇಲೆ ಮಳೆಯ ಪರದೆ ಇಳಿದು ಅದು ಕಾಣದಾದರೆ, ನಮ್ಮ ಬೀದಿಯಲ್ಲಿ ಒಂದು ಹನಿ ಬೀಳುವ ಮೊದಲೇ ಚಿತ್ರ ಒಡೆಯಲು ಶುರುವಾಗುತ್ತೆ ಅನ್ನೋದು ಅವಳ ಅನುಭವ.

ಮೊದಲು ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ಜಿಸ್ಯಾಟ್-15 ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಮೈಸೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿಗೆ, ಸುಮಾರು 66 ಡಿಗ್ರಿ ಎತ್ತರದಲ್ಲಿ. ಬೇರೆ ಕಂಪನಿಗಳ ಉಪಗ್ರಹಗಳೂ ಸ್ವಲ್ಪ ಆಚೀಚೆ ಅದೇ ಕಡೆ. ಮೈಸೂರಿನ ಟೆರೇಸುಗಳ ಮೇಲಿನ ಡಿಶ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಮುಖ ಮಾಡಿರುವುದು ಅದಕ್ಕೇ. ನಗರದ ಬಹುಭಾಗಕ್ಕೆ ಚಾಮುಂಡಿ ಬೆಟ್ಟವೂ ಆ ಕಡೆಗೇ.

ಸಿಗ್ನಲ್ ಓರೆಯಾಗಿ ಇಳಿಯುವುದರಿಂದ, ನಮ್ಮ ಡಿಶ್‌ಗೆ ಬರುವ ಅಲೆ ನಾಲ್ಕು ಕಿ.ಮೀ. ಎತ್ತರದಲ್ಲಿದ್ದಾಗ ನಮ್ಮ ಮನೆಯ ಮೇಲಲ್ಲ, ಬೆಟ್ಟದ ದಿಕ್ಕಿಗೆ ಸುಮಾರು ಎರಡು ಕಿ.ಮೀ. ಆಚೆ ಇರುತ್ತೆ. ಬೆಟ್ಟ ದಾಟಿ ಮಳೆ ಊರ ಕಡೆ ಬರುತ್ತಿದ್ದರೆ ಮೊದಲು ನೆನೆಯೋದು ಸಿಗ್ನಲ್, ಆಮೇಲೆ ನಮ್ಮ ಅಂಗಳ. ಅಮ್ಮ ಹೇಳಿದ್ದು ಸರಿಯಾಗೇ ಇತ್ತು.

"ಮತ್ತೆ ಎದುರುಮನೆಯವರ ಟಿ.ವಿ. ಹೋಗಲ್ವಲ್ಲ?" ಇದು ಅಪ್ಪನ ಪ್ರಶ್ನೆ. ಅವರದ್ದು ಕೇಬಲ್. ಕೇಬಲ್‌ನವರು ಹೆಚ್ಚಿನ ಚಾನೆಲ್‌ಗಳನ್ನು ಹಿಡಿಯೋದು ಸಿ-ಬ್ಯಾಂಡ್‌ನಲ್ಲಿ, ಸುಮಾರು 4 ಗಿಗಾಹರ್ಟ್ಸ್. ಆ ಅಲೆಯ ಉದ್ದ ಏಳೂವರೆ ಸೆಂ.ಮೀ. ಮಳೆಹನಿ ಅದಕ್ಕೆ ಅಷ್ಟಾಗಿ ತಟ್ಟಲ್ಲ. ಆದರೆ ಅದನ್ನು ಹಿಡಿಯೋಕೆ ದೊಡ್ಡ ಡಿಶ್ ಬೇಕು. ನಮ್ಮ ಟೆರೇಸಿನಲ್ಲಿ ಅದನ್ನಿಟ್ಟರೆ ಬಟ್ಟೆ ಒಣಗಿಸೋಕೆ ಜಾಗ ಇರಲ್ಲ.

ಮಳೆಯಲ್ಲಿ ಏನು, ಬಿಸಿಲಲ್ಲಿ ಏನು

ಪ್ಲಾಸ್ಟರ್ ಬಿಚ್ಚಿದ ಮೇಲೆ ಡಿಶ್ ರಿಪೇರಿ ಹುಡುಗನನ್ನು ಕರೆಸಿದೆವು. ಅವನು ಮೊದಲು ಹೇಳಿದ್ದು ಇದು: "ಮೇಡಂ, ಜೋರು ಮಳೇಲಿ ಹೋದ್ರೆ ಅದು ಡಿಶ್ ತಪ್ಪಲ್ಲ. ಮಳೆ ನಿಂತು ಒಂದು ಗಂಟೆ ಆದ್ರೂ ಬರ್ಲಿಲ್ಲ ಅಂದ್ರೆ, ಇಲ್ಲಾ ಸಣ್ಣ ಹನಿಗೂ ಹೋಗುತ್ತೆ ಅಂದ್ರೆ, ಆಗ ಕರೀರಿ."

ಅವನು ಕಲಿಸಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬೇಕಿದ್ದರೆ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡಿ.

ಸಣ್ಣ ಮಳೆಗೂ ಸಿಗ್ನಲ್ ಹೋಗುತ್ತಿದ್ದರೆ ಡಿಶ್ ಚೂರು ಸರಿದಿರಬಹುದು. ಬಿಸಿಲಿನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತಿರುತ್ತೆ, ಆದರೆ ಮಳೆ ತಡೆಯುವಷ್ಟು ಸಿಗ್ನಲ್ ಕೈಯಲ್ಲಿ ಉಳಿದಿರಲ್ಲ. ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ 'ಕ್ವಾಲಿಟಿ' ತೋರಿಸುವ ಪಟ್ಟಿ ಇರುತ್ತೆ. ಬಿಸಿಲಿರುವ ದಿನ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಒಳ್ಳೆ ಬಿಸಿಲಿನಲ್ಲೂ ಅದು ಇಳಿದಿದ್ದರೆ ರಿಪೇರಿಯವರನ್ನು ಕರೆಯಿರಿ.

ಕೇಬಲ್‌ನ ತುದಿಗೆ ನೀರು ಇಳಿದು ತುಕ್ಕು ಹಿಡಿದಿರಬಹುದು. ನಮ್ಮ ಮನೆಯಲ್ಲಿ ಆಗಿದ್ದು ಅದೇ. ಹೊಸ ಕನೆಕ್ಟರ್ ಹಾಕಿ, ಸುತ್ತ ಟೇಪ್ ಸುತ್ತಿದ ಮೇಲೆ ಸಾಧಾರಣ ಮಳೆಗೆ ಸಿಗ್ನಲ್ ಹೋಗೋದು ನಿಂತಿತು. ಡಿಶ್ ಇಟ್ಟಾಗ ಗಿಡವಾಗಿದ್ದ ತೆಂಗು ಈಗ ಅಡ್ಡ ಬಂದಿದೆಯೇ ಅಂತಲೂ ನೋಡಿ. ಒದ್ದೆ ಗರಿ ಸಿಗ್ನಲ್ ತಡೆಯುತ್ತೆ. 60 ಸೆಂ.ಮೀ. ಬದಲು 90 ಸೆಂ.ಮೀ. ಡಿಶ್ ಹಾಕಿಸಿದರೆ ಎರಡು ಪಟ್ಟಿಗಿಂತ ಹೆಚ್ಚು ಸಿಗ್ನಲ್ ಸಿಗುತ್ತೆ. ಸಿಗ್ನಲ್ ಹೋಗುವ ಸಲಗಳೂ ನಿಮಿಷಗಳೂ ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲೋದಿಲ್ಲ.

ಇದಿಷ್ಟೂ ಒಣ ದಿನದ ಕೆಲಸ. ಮಳೆಯಲ್ಲಿ ಮಾಡಬೇಕಾದ್ದು ಏನೂ ಇಲ್ಲ. ನಮ್ಮ ಅಪ್ಪ ಮೂಳೆ ಮುರಿದುಕೊಂಡು ಪಾರಾದರು ಅಂತಲೇ ನನಗೆ ಈಗ ಅನ್ನಿಸೋದು. ಟಿ.ವಿ. ಸಿಗ್ನಲ್ ನುಂಗುವಂಥ ಬಿರುಸು ಮಳೆಯ ಜೊತೆ ನಮ್ಮ ಕಡೆ ಬರೋದು ಸಿಡಿಲು. ಆ ಹೊತ್ತಿನಲ್ಲಿ ತೆರೆದ ಟೆರೇಸಿನ ಮೇಲೆ ಲೋಹದ ಡಿಶ್ ಹಿಡಿದು ನಿಲ್ಲೋದು ಎಂಥ ಅಪಾಯ ಅಂತ ಬಿಡಿಸಿ ಹೇಳಬೇಕಿಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಒಳಗೇ ಇರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮೇಲೆ ಹೋಗಬೇಡಿ. ಮೋಡ ಕಟ್ಟಿದಾಗಲೇ ಟಿ.ವಿ.ಯ ಪ್ಲಗ್ ಜೊತೆಗೆ ಡಿಶ್‌ನಿಂದ ಬರುವ ಕೇಬಲ್ ಕೂಡ ಬಾಕ್ಸಿನಿಂದ ಬಿಚ್ಚಿಡಿ. ಸಿಡಿಲು ಶುರುವಾದ ಮೇಲೆ ಆ ವೈರ್ ಮುಟ್ಟಬೇಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತೆ. ಅಪ್ಪನ ಫೋನಿಗೆ ಅದನ್ನು ಹಾಕಿಕೊಟ್ಟಿದ್ದೇನೆ.

ನಮ್ಮಂತೆ ಊರು ಬಿಟ್ಟು ಕೆಲಸಕ್ಕೆ ಬಂದವರಿಗೆ ಒಂದು ಮಾತು. ಟಿ.ವಿ. ಹೋದರೆ ನಮಗೇನೂ ಅನ್ನಿಸಲ್ಲ, ಎಲ್ಲ ಫೋನಿನಲ್ಲೇ ಇದೆ. ಅಪ್ಪ-ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಸಂಜೆ ಮಾತಾಡುವ ಮೂರನೆಯವರು ಅಂದರೆ ಆ ಟಿ.ವಿ.ಯೇ. ಅದಕ್ಕೇ ಅವರು ಕೊಡೆ ಹಿಡಿದು ಮೇಲೆ ಓಡೋದು. ಮುಂದಿನ ಸಲ "ಟಿ.ವಿ. ಹೋಯ್ತು" ಅಂತ ಫೋನ್ ಬಂದರೆ ನನ್ನ ಹಾಗೆ ನಕ್ಕು ಇಡಬೇಡಿ. ಸಿಗ್ನಲ್ ಬರುವವರೆಗೆ ಮಾತಾಡುತ್ತಿರಿ. ಬಹಳ ಸಲ ಅದು ಹತ್ತಿಪ್ಪತ್ತು ನಿಮಿಷದ ಮಾತು.

ಈ ಸಲದ ಭರಣಿ ಮಳೆಗೂ ಅಮ್ಮನ ಫೋನ್ ಬಂತು.

"ಬೆಟ್ಟ ಕಾಣ್ತಿಲ್ಲ ಕಣೇ. ವೈರೆಲ್ಲ ಆಗ್ಲೇ ಬಿಚ್ಚಿಟ್ಟೆ. ರೇಡಿಯೊ ಹಾಕಿದೀವಿ."

ಮೈಸೂರು ಆಕಾಶವಾಣಿಯ ಎಫ್‌ಎಂ, 100.6. ಅದರ ಅಲೆಯ ಉದ್ದ ಸುಮಾರು ಮೂರು ಮೀಟರ್. ಎಂಥ ಮಳೆಹನಿಯೂ ಅದನ್ನು ಏನೂ ಮಾಡಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿ ಅದಕ್ಕೆ 'ಆಕಾಶವಾಣಿ' ಅಂತ ಹೆಸರಿಟ್ಟ ಊರು ನಮ್ಮದು. ಮಳೆಗಾಲದ ಸಂಜೆಗೆ ಅದು ಇನ್ನೂ ನಮ್ಮ ಮನೆಯ ಕೈ ಬಿಟ್ಟಿಲ್ಲ.

"ಅಪ್ಪಂಗೆ ಫೋನ್ ಕೊಡು" ಅಂದೆ.

ನಾನು ಏನಾದರೂ ಕೇಳುವ ಮೊದಲೇ ಆ ಕಡೆಯಿಂದ ಬಂತು: "ಕೆಳಗೇ ಇದೀನಿ ಕಣಮ್ಮ."