ಚಾರ್ಜರಿನ ಜಾಣತನ ಇರುವುದು ನಿಲ್ಲಿಸುವುದರಲ್ಲಿ

ರೇಡಿಯೊ ನಿಯಂತ್ರಿತ ವಿಮಾನ ಹಾರಿಸುವ ಹವ್ಯಾಸವಿರುವ ದಾವಣಗೆರೆಯ ವಿದ್ಯಾರ್ಥಿಯೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರು ಕೊಂಡ ಚಾರ್ಜರಿನ ಮೇಲೆ 80 ವ್ಯಾಟ್, 6 ಆಂಪಿಯರ್ ಎಂದು ಬರೆದಿದೆ. ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಪ್ಯಾಕ್ ಜೋಡಿಸಿದರೆ ಪೂರಾ 6 ಆಂಪಿಯರ್ ಬರುತ್ತದೆ. ಆರು ಸೆಲ್ಲಿನದನ್ನು ಜೋಡಿಸಿದರೆ ಮೂರು ಚಿಲ್ಲರೆ ಆಂಪಿಯರಿಗೇ ನಿಂತುಬಿಡುತ್ತದೆ. ಅಂಗಡಿಯವರು ಮೋಸ ಮಾಡಿದರೇ ಎಂಬುದು ಅವರ ಅನುಮಾನ.

ಮೋಸವಿಲ್ಲ. ಡಬ್ಬದ ಮೇಲಿರುವುದು ಎರಡು ಬೇರೆ ಬೇರೆ ಮಿತಿಗಳು, ಯಾವುದು ಮೊದಲು ಅಡ್ಡ ಬರುತ್ತದೋ ಅದೇ ಗೆಲ್ಲುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಮೂರು ಸೆಲ್ಲಿನ ಪ್ಯಾಕ್ ತುಂಬಿದಾಗ 12.6 ವೋಲ್ಟ್, 6 ಆಂಪಿಯರ್ ಕೊಟ್ಟರೂ 76 ವ್ಯಾಟ್ ಆಗುತ್ತದೆ, ಚಾರ್ಜರಿನ ಶಕ್ತಿಯೊಳಗೇ ಉಳಿಯಿತು. ಆರು ಸೆಲ್ಲಿನದು 25.2 ವೋಲ್ಟ್. ಅದಕ್ಕೆ 6 ಆಂಪಿಯರ್ ಬೇಕೆಂದರೆ 151 ವ್ಯಾಟ್ ಬೇಕು, ಇರುವುದು 80. ಹಾಗಾಗಿ 3.2 ಆಂಪಿಯರಿಗೆ ಆಟ ಮುಗಿಯುತ್ತದೆ. ಕೊಳ್ಳುವ ಮುನ್ನ ನಿಮ್ಮಲ್ಲಿರುವ ಅತಿ ದೊಡ್ಡ ಪ್ಯಾಕಿನ ಪೂರ್ಣ ವೋಲ್ಟೇಜನ್ನು ನಿಮಗೆ ಬೇಕಾದ ಆಂಪಿಯರಿನಿಂದ ಗುಣಿಸಿ ನೋಡಿ. 5000 ಮಿಲಿ ಆಂಪಿಯರ್-ಅವರ್‌ನ ಆರು ಸೆಲ್ಲಿನ ಪ್ಯಾಕನ್ನು ಗಂಟೆಯ ಲೆಕ್ಕದಲ್ಲಿ, ಅಂದರೆ 5 ಆಂಪಿಯರಿನಲ್ಲಿ ತುಂಬಲು 126 ವ್ಯಾಟ್ ಬೇಕು. 150 ವ್ಯಾಟಿನ ಚಾರ್ಜರ್ ಸಾಕು. ಎಸಿ, ಡಿಸಿ ಎರಡೂ ಬಗೆಯ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಕೆಲವು ಚಾರ್ಜರುಗಳು ಗೋಡೆಯ ಪ್ಲಗ್ಗಿಗೆ ಹಾಕಿದಾಗ ಕಡಿಮೆ ಶಕ್ತಿ ಕೊಡುತ್ತವೆ, ಹೇಳಿಕೊಂಡ ಪೂರ್ತಿ ವ್ಯಾಟ್ ಬರುವುದು ಪ್ರತ್ಯೇಕ ಡಿಸಿ ಸಪ್ಲೈ ಕೊಟ್ಟಾಗ ಮಾತ್ರ. ಆ ಸಾಲು ಪೆಟ್ಟಿಗೆಯ ಬದಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ವ್ಯಾಟ್ ಕಡಿಮೆಯಾದರೆ ಹಾನಿಯೇನಿಲ್ಲ, ಕಾಯುವ ಹೊತ್ತು ಹೆಚ್ಚುತ್ತದೆ, ಅಷ್ಟೆ. ದಾವಣಗೆರೆಯ ಗೆಳೆಯರು ಹೊಸದು ಕೊಳ್ಳಲು ಅವಸರಪಡಬೇಕಿಲ್ಲ.

ಆದರೆ ಚಾರ್ಜರನ್ನು ವ್ಯಾಟ್, ಆಂಪಿಯರುಗಳಲ್ಲಿ ಮಾತ್ರ ಅಳೆಯುವ ಅಭ್ಯಾಸದ ಬಗ್ಗೆ ನನಗೆ ತಕರಾರಿದೆ. ವಿದ್ಯುತ್ತನ್ನು ಒಳಗೆ ನೂಕುವ ಕೆಲಸವನ್ನು ಯಾವ ಅಗ್ಗದ ಡಬ್ಬವೂ ಮಾಡುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ಕಷ್ಟ. ಈ ಹವ್ಯಾಸದ ಚಾರ್ಜರುಗಳ ಇತಿಹಾಸ ಹೆಚ್ಚುಕಡಿಮೆ ಆ ತಿಳಿವಳಿಕೆಯ ಇತಿಹಾಸವೇ.

ರೇಡಿಯೊ ನಿಯಂತ್ರಣದಲ್ಲಿ ವಿದ್ಯುತ್ ಮೋಟಾರಿನಿಂದ ಹಾರಿದ ಮೊದಲ ಮಾದರಿ ವಿಮಾನವೆಂದು ದಾಖಲಾಗಿರುವುದು ಇಂಗ್ಲೆಂಡಿನ ಕರ್ನಲ್ ಎಚ್. ಜೆ. ಟ್ಯಾಪ್ಲಿನ್ ಅವರ ‘ರೇಡಿಯೊ ಕ್ವೀನ್’. 1957ರ ಜೂನ್ 30ರಂದು ಅದು ಹಾರಿದ್ದು ಬೆಳ್ಳಿ-ಸತು ಬ್ಯಾಟರಿಯ ಬಲದಿಂದ. ಮುಂದೆ ದಶಕಗಟ್ಟಲೆ ಹವ್ಯಾಸಿಗಳ ಕೈಯಲ್ಲಿ ಉಳಿದದ್ದು ಮಾತ್ರ ನಿಕಲ್-ಕ್ಯಾಡ್ಮಿಯಂ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕಂಡುಹಿಡಿದ ಈ ಬ್ಯಾಟರಿ ತೂಕದ್ದು, ವಿಷದ್ದು, ಆದರೆ ಬಲು ಸಹನೆಯದು. 1976ರಲ್ಲಿ ಜಪಾನಿನ ಟಾಮಿಯಾ ತನ್ನ ಮೊದಲ ರೇಡಿಯೊ ನಿಯಂತ್ರಿತ ಕಾರನ್ನು ಮಾರುಕಟ್ಟೆಗೆ ತಂದಿತು. ಆಮೇಲಿನ ವರ್ಷಗಳಲ್ಲಿ ಆರು ಸೆಲ್ಲಿನ 7.2 ವೋಲ್ಟ್ ಪ್ಯಾಕುಗಳು ಮನೆಮನೆಗೆ ಬಂದವು. ಅವುಗಳ ಚಾರ್ಜರೆಂದರೆ ಕಾರಿನ ಬ್ಯಾಟರಿಗೆ ಸಿಕ್ಕಿಸುವ, ತಿರುಗಿಸುವ ಟೈಮರಿನ ಒಂದು ಡಬ್ಬ. ಹದಿನೈದು ನಿಮಿಷಕ್ಕೆ ತಿರುಗಿಸಿದರೆ ಹದಿನೈದು ನಿಮಿಷ ತುಂಬಿಸುತ್ತಿತ್ತು. ಪ್ಯಾಕಿನಲ್ಲಿ ಅರ್ಧ ಉಳಿದಿತ್ತೋ ಪೂರ್ತಿ ಬರಿದಾಗಿತ್ತೋ ಅದಕ್ಕೆ ಗೊತ್ತಿರಲಿಲ್ಲ.

ಈ ಕುರುಡು ಟೈಮರನ್ನು ಬದಿಗೆ ಸರಿಸಿದ್ದು ಒಂದು ಚೆಂದದ ಗಮನಿಕೆ. ನಿಕಲ್ ಸೆಲ್ ತುಂಬಿದ ಮೇಲೂ ಕರೆಂಟು ಹರಿಯುತ್ತಿದ್ದರೆ ಧನಾಗ್ರದಲ್ಲಿ ಆಮ್ಲಜನಕ ಹುಟ್ಟಿ ಋಣಾಗ್ರದಲ್ಲಿ ಲೀನವಾಗುತ್ತದೆ, ಆ ಕ್ರಿಯೆಯಲ್ಲಿ ಸೆಲ್ ಬಿಸಿಯಾಗುತ್ತದೆ. ಅಲ್ಲಿಯವರೆಗೆ ಏರುತ್ತಲೇ ಇದ್ದ ವೋಲ್ಟೇಜು ತುದಿ ಮುಟ್ಟಿ ತುಸು ಇಳಿಯುತ್ತದೆ. ಇಳಿತ ಸೆಲ್ಲಿಗೆ ಕೆಲವೇ ಮಿಲಿವೋಲ್ಟ್. ಆ ಪುಟ್ಟ ಜಾರನ್ನು ಪತ್ತೆಹಚ್ಚಿ ಕರೆಂಟು ಕಡಿಯುವ ‘ಡೆಲ್ಟಾ ಪೀಕ್’ ಚಾರ್ಜರುಗಳು ಬಂದವು. ಅಂದರೆ ನಿಕಲ್ ಬ್ಯಾಟರಿ ತುಂಬಿದೆನೆಂದು ತಾನೇ ಹೇಳುತ್ತಿತ್ತು. ಚಾರ್ಜರ್ ಕಿವಿಗೊಟ್ಟರೆ ಸಾಕಿತ್ತು.

ಲಿಥಿಯಂ ಹಾಗೆ ಹೇಳುವುದಿಲ್ಲ.

1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅಮೆರಿಕದ ಎಕ್ಸಾನ್ ತೈಲ ಕಂಪನಿಯಲ್ಲಿದ್ದುಕೊಂಡು ಲಿಥಿಯಂ ಬ್ಯಾಟರಿಯೊಂದನ್ನು ರೂಪಿಸಿದರು. ಅದರ ಋಣಾಗ್ರ ಅಪ್ಪಟ ಲಿಥಿಯಂ ಲೋಹ. ಮತ್ತೆ ಮತ್ತೆ ಚಾರ್ಜ್ ಮಾಡಿದಾಗ ಆ ಲೋಹ ಸಮತಟ್ಟಾಗಿ ಕೂರದೆ ಸೂಜಿಗಳಂತೆ ಬೆಳೆಯುತ್ತಿತ್ತು. ಸೂಜಿ ಆಚೆ ತುದಿಯನ್ನು ಮುಟ್ಟಿದರೆ ಶಾರ್ಟ್, ಶಾರ್ಟ್ ಆದರೆ ಬೆಂಕಿ. ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳ ಎಷ್ಟು ಸಲ ಬರಬೇಕಾಯಿತೆಂದರೆ, ಲಿಥಿಯಂ ಬೆಂಕಿ ಆರಿಸುವ ವಿಶೇಷ ರಾಸಾಯನಿಕಗಳ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡುತ್ತೇವೆಂದು ಅವರು ಎಚ್ಚರಿಸಿದರಂತೆ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡಿನ ಧನಾಗ್ರವನ್ನು ಕೊಟ್ಟರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಲೋಹವನ್ನೇ ತೆಗೆದುಹಾಕಿ, ಲಿಥಿಯಂ ಅಯಾನುಗಳು ಬಂದು ಕೂರಲು ಇಂಗಾಲದ ಪದರಗಳನ್ನು ಇಟ್ಟರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು, 2019ರಲ್ಲಿ ಮೂವರಿಗೂ ನೊಬೆಲ್ ಬಂತು. ಇವತ್ತು ನಮ್ಮ ಡ್ರೋನಿನ ಹೊಟ್ಟೆಯಲ್ಲಿರುವ ಬೆಳ್ಳಿಬಣ್ಣದ ಮೆತ್ತನೆಯ ಪ್ಯಾಕ್ ಯೋಶಿನೊ ಮನೆತನದ್ದು. ಆದರೆ ಕೆಟ್ಟದಾಗಿ ಚಾರ್ಜ್ ಮಾಡಿದರೆ ಅದು ವಿಟಿಂಗ್‌ಹ್ಯಾಮ್‌ರ ಹಳೆಯ ಬ್ಯಾಟರಿಯಾಗಿ ಬದಲಾಗುತ್ತದೆ. ಈ ಹವ್ಯಾಸಕ್ಕೆ ಇಳಿಯುವ ಪ್ರತಿಯೊಬ್ಬರೂ ಈ ಸಂಗತಿಯನ್ನು ಅರಿತಿರಬೇಕೆಂದು ನನ್ನ ಆಸೆ, ಹಾಗಾಗಿ ತುಸು ವಿವರವಾಗಿ ಹೇಳುತ್ತೇನೆ.

ಮದುವೆಮನೆಯ ಊಟದ ಹಾಲ್ ಒಂದನ್ನು ನೆನೆಸಿಕೊಳ್ಳಿ. ಸಾಲುಸಾಲಾಗಿ ಎಲೆ ಹಾಕಿದೆ, ಹೊರಗೆ ಜನ ಕಾದಿದ್ದಾರೆ, ಬಾಗಿಲಲ್ಲಿ ಒಬ್ಬ ಹಿರಿಯರು ನಿಂತು ಒಳಗೆ ಬಿಡುತ್ತಿದ್ದಾರೆ. ಸಾಲುಗಳು ಗ್ರಾಫೈಟಿನ ಪದರಗಳು, ಜನ ಲಿಥಿಯಂ ಅಯಾನುಗಳು, ಬಾಗಿಲಲ್ಲಿರುವವರು ಚಾರ್ಜರ್. ಹಾಲ್ ಖಾಲಿಯಿದ್ದಾಗ ಒಂದೇ ವೇಗದಲ್ಲಿ ಬಿಡುತ್ತಾ ಹೋಗಬಹುದು. ಬಂದವರು ಸರಸರ ನಡೆದು ಕೂತುಬಿಡುತ್ತಾರೆ. ಚಾರ್ಜರಿನ ಮೊದಲ ಹಂತ ಇದೇ: ಸ್ಥಿರ ಕರೆಂಟು, ಏರುತ್ತಿರುವ ವೋಲ್ಟೇಜು. ಮುಕ್ಕಾಲು ಪಾಲಿಗಿಂತ ಹೆಚ್ಚು ಎಲೆಗಳು ತುಂಬಿದ ಮೇಲೆ ಬಂದವರು ಜಾಗ ಹುಡುಕುತ್ತಾ ಒಳಗೊಳಗೆ ಹೋಗಬೇಕು, ಹೊತ್ತು ಹಿಡಿಯುತ್ತದೆ. ಬಾಗಿಲಲ್ಲಿರುವವರು ವಿವೇಕಿಯಾದರೆ ಈಗ ಕೈ ಬಿಗಿಮಾಡುತ್ತಾರೆ. ಸೆಲ್ಲಿನ ವೋಲ್ಟೇಜು 4.2 ಮುಟ್ಟಿದ ಕೂಡಲೇ ಒಳ್ಳೆಯ ಚಾರ್ಜರ್ ಅದನ್ನು ಅಲ್ಲೇ ಹಿಡಿದು, ಕರೆಂಟನ್ನು ಇಳಿಸುತ್ತಾ ಬಂದು, ಮೊದಲಿನ ಹತ್ತನೆಯ ಒಂದು ಪಾಲಿಗೆ ಬಂದಾಗ ನಿಲ್ಲಿಸುತ್ತದೆ. ಕೈ ಬಿಗಿಮಾಡದೆ ಮೊದಲಿನ ರಭಸದಲ್ಲೇ ಬಿಟ್ಟರೆ ಜನ ಬಾಗಿಲ ಬಳಿಯೇ ಗುಂಪುಗಟ್ಟುತ್ತಾರೆ. ಸೆಲ್ಲಿನೊಳಗೆ ಗುಂಪುಗಟ್ಟುವುದೆಂದರೆ ಗ್ರಾಫೈಟಿನ ಒಳಗೆ ಹೋಗಲಾರದ ಲಿಥಿಯಂ ಅದರ ಮೇಲ್ಮೈಯಲ್ಲೇ ಲೋಹವಾಗಿ ಕೂರುವುದು. ಯೋಶಿನೊ ಹೊರಗಟ್ಟಿದ ಲೋಹ ಮತ್ತೆ ಒಳಗೆ ಬಂತು.

ಪ್ಯಾಕ್ ತೀರಾ ತಣ್ಣಗಿದ್ದರೂ ಹೀಗೇ ಆಗುತ್ತದೆ, ಏಕೆಂದರೆ ಚಳಿಯಲ್ಲಿ ಅಯಾನುಗಳ ನಡಿಗೆ ನಿಧಾನ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಪ್ಯಾಕನ್ನು ಚಾರ್ಜ್ ಮಾಡಲೇಬಾರದು. ಕರ್ನಾಟಕದಲ್ಲಿ ಈ ಚಿಂತೆಯಿಲ್ಲ. ಮಿನ್ನೆಸೋಟದಲ್ಲೋ ಟೊರಾಂಟೊದಲ್ಲೋ ಇರುವ ಕನ್ನಡಿಗರು ಗ್ಯಾರೇಜಿನಲ್ಲಿಟ್ಟ ಪ್ಯಾಕನ್ನು ಮನೆಯೊಳಗೆ ತಂದು, ಅದು ತಾನಾಗಿ ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕಬೇಕು. 4.2 ದಾಟಿದರೆ ಇನ್ನೊಂದು ತುದಿಯಲ್ಲೂ ಕೇಡಿದೆ. ಕೋಬಾಲ್ಟ್ ಆಕ್ಸೈಡಿನಿಂದ ಸುಮಾರು ಅರ್ಧದಷ್ಟು ಲಿಥಿಯಂ ಮಾತ್ರ ಹೊರತೆಗೆಯಬಹುದು. ಇನ್ನೂ ಎಳೆದರೆ ಅದರ ಹರಳಿನ ಕಟ್ಟಡ ಸಡಿಲವಾಗಿ ಆಮ್ಲಜನಕ ಬಿಡುತ್ತದೆ. ಪಕ್ಕದಲ್ಲೇ ಇರುವ ಎಲೆಕ್ಟ್ರೊಲೈಟು ಸುಡುವ ದ್ರಾವಣ. ಉರಿಯುವುದಕ್ಕೆ ಬೇಕಾದದ್ದೆಲ್ಲ ಒಂದೇ ಚೀಲದೊಳಗೆ ಸಿಕ್ಕಿತು.

ಈಗ ಹಾಲ್ ಒಂದಲ್ಲ, ಮೂರಿವೆ ಎಂದುಕೊಳ್ಳಿ. ಸರಣಿಯಲ್ಲಿ ಜೋಡಿಸಿದ ಮೂರು ಸೆಲ್ಲುಗಳಿಗೂ ಹರಿಯುವ ಕರೆಂಟು ಒಂದೇ, ಪ್ರತಿ ಹಾಲಿಗೂ ಅಷ್ಟೇ ಜನ ಹೋಗುತ್ತಾರೆ. ಹಳತಾದ ಪ್ಯಾಕಿನಲ್ಲಿ ಒಂದು ಸೆಲ್ಲಿನ ಸಾಮರ್ಥ್ಯ ಕುಗ್ಗಿರುತ್ತದೆ. ಒಟ್ಟು ವೋಲ್ಟೇಜನ್ನು ಮಾತ್ರ ನೋಡುವ ಚಾರ್ಜರಿಗೆ 12.6 ಕಂಡರೆ ಸಮಾಧಾನ. ಆದರೆ 4.1, 4.1, 4.4 ಕೂಡಿಸಿದರೂ 12.6 ಆಗುತ್ತದೆ! ಆ 4.4ರ ಸೆಲ್ ಊದಿಕೊಳ್ಳಲು ಶುರುಮಾಡಿರುತ್ತದೆ. ಪ್ಯಾಕಿನಿಂದ ಹೊರಡುವ ಎರಡು ದಪ್ಪ ವೈರುಗಳ ಜೊತೆ ಸಣ್ಣ ಬಿಳಿ ಪ್ಲಗ್ಗಿನ ತೆಳು ವೈರುಗಳಿರುವುದು ಇದಕ್ಕೇ. ಮೂರು ಸೆಲ್ಲಿಗೆ ನಾಲ್ಕು ವೈರು, ಆರಕ್ಕೆ ಏಳು. ಅವುಗಳ ಮೂಲಕ ಚಾರ್ಜರ್ ಒಂದೊಂದು ಸೆಲ್ಲನ್ನೂ ಅಳೆದು, ಮುಂದೆ ಹೋದ ಸೆಲ್ಲಿನಿಂದ ಸ್ವಲ್ಪ ಕರೆಂಟನ್ನು ಹೊರಗೆ ಬಸಿದು, ಹಿಂದುಳಿದವು ಬಂದು ಕೂಡಿಕೊಳ್ಳುವಂತೆ ಮಾಡುತ್ತದೆ. ಬ್ಯಾಲೆನ್ಸ್ ಚಾರ್ಜಿಂಗ್ ಅಂದರೆ ಇದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಾರ್ಜರ್ ಕೊಳ್ಳಲು ನಿಂತಾಗ ನಾನಾದರೆ ಮೊದಲು ಕೇಳುವುದು ಆಂಪಿಯರನ್ನಲ್ಲ. ಪ್ರತಿ ಸೆಲ್ಲಿನ ವೋಲ್ಟೇಜನ್ನು ಪರದೆಯ ಮೇಲೆ ಬೇರೆಬೇರೆಯಾಗಿ ತೋರಿಸುತ್ತದೆಯೇ ಎಂದು. ತೋರಿಸದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಚಾರ್ಜರಿನ ಮೆನುವಿನಲ್ಲಿ ಬ್ಯಾಟರಿಯ ಜಾತಿ ಕೇಳುತ್ತದಲ್ಲ, ಅಲ್ಲಿ ಬೆರಳು ತಪ್ಪಬಾರದು. ಲಿಪೋ ಪ್ಯಾಕನ್ನು ನಿಕಲ್ ಕ್ರಮದಲ್ಲಿ ಹಾಕಿದರೆ ಚಾರ್ಜರ್ ಆ ಪುಟ್ಟ ಇಳಿತಕ್ಕಾಗಿ ಕಾಯುತ್ತದೆ. ಲಿಥಿಯಂನಲ್ಲಿ ಅದು ಬರುವುದೇ ಇಲ್ಲ, ಕರೆಂಟು ಮಾತ್ರ ಹರಿಯುತ್ತಲೇ ಇರುತ್ತದೆ. ಲಿಥಿಯಂ ಐರನ್ ಫಾಸ್ಫೇಟಿಗೆ ಸುಮಾರು 3.6 ವೋಲ್ಟ್, ಸಾಮಾನ್ಯ ಲಿಪೋಗೆ 4.2, ಹೈ-ವೋಲ್ಟೇಜ್ ಎಂದು ಬರೆದಿದ್ದರೆ 4.35. ಒಂದರ ಮಿತಿಯಲ್ಲಿ ಇನ್ನೊಂದನ್ನು ತುಂಬಿಸಬಾರದು.

ಪ್ಯಾಕಿನ ಮೇಲಿನ ‘ಸಿ’ ಅಂಕಿಯ ಬಗ್ಗೆ ಎಚ್ಚರವಿರಲಿ. 2200 ಮಿಲಿ ಆಂಪಿಯರ್-ಅವರ್‌ನ ಪ್ಯಾಕಿಗೆ 1ಸಿ ಎಂದರೆ 2.2 ಆಂಪಿಯರ್. ಚಾರ್ಜಿಗೆ ಈ ವೇಗವೇ ಸರಿ, ನಿಧಾನವಾದರೆ ಇನ್ನೂ ಒಳ್ಳೆಯದು. ಲೇಬಲ್ಲಿನಲ್ಲಿ ದಪ್ಪಕ್ಷರದಲ್ಲಿ 50ಸಿ, 60ಸಿ ಎಂದಿರುವುದು ಬಳಸುವಾಗ ಹೊರಗೆ ಬರುವ ಕರೆಂಟಿನ ಲೆಕ್ಕ, ತುಂಬಿಸುವುದಕ್ಕೆ ಸಂಬಂಧಿಸಿದ್ದಲ್ಲ. ಆ ಲೆಕ್ಕವನ್ನೂ ನಾನು ಸುಲಭವಾಗಿ ನಂಬುವುದಿಲ್ಲ. 2200ರ ಪ್ಯಾಕ್ 60ಸಿ ಕೊಡುವುದಾದರೆ 132 ಆಂಪಿಯರ್ ಆಯಿತು. ಅದೇ ಪ್ಯಾಕಿಗೆ ಬೆಸೆದಿರುವ ಹಳದಿ ಎಕ್ಸ್‌ಟಿ-60 ಕನೆಕ್ಟರ್ ಇರುವುದೇ 60 ಆಂಪಿಯರಿಗೆ. ಪ್ಯಾಕಿನ ನಿಜವಾದ ಆರೋಗ್ಯ ತಿಳಿಯಬೇಕಿದ್ದರೆ ಅದರ ಆಂತರಿಕ ರೋಧವನ್ನು ನೋಡಬೇಕು. ಈಗಿನ ಹಲವು ಚಾರ್ಜರುಗಳು ಅದನ್ನು ಸೆಲ್ಲುವಾರು ಮಿಲಿ ಓಮ್‌ಗಳಲ್ಲಿ ತೋರಿಸುತ್ತವೆ. ಹೊಸದರಲ್ಲೇ ಬರೆದಿಟ್ಟುಕೊಂಡು ಆಗಾಗ ಹೋಲಿಸಿದರೆ ಯಾವ ಸೆಲ್ ಸೋಲುತ್ತಿದೆ ಎಂಬುದು ಮೊದಲೇ ಗೊತ್ತಾಗುತ್ತದೆ.

ಹೆಸರಾಂತ ಚಾರ್ಜರುಗಳ ನಕಲುಗಳು ಎಲ್ಲೆಡೆ ಸಿಗುತ್ತವೆ, ನೋಡಲು ವ್ಯತ್ಯಾಸ ತಿಳಿಯದು. ಅಸಲಿಯೋ ನಕಲಿಯೋ, ಹೊಸ ಚಾರ್ಜರಿನಿಂದ ತುಂಬಿಸಿದ ಮೊದಲ ಪ್ಯಾಕಿನ ಸೆಲ್ಲುಗಳನ್ನು ಒಳ್ಳೆಯ ಮಲ್ಟಿಮೀಟರಿನಲ್ಲಿ ಅಳೆದು ನೋಡಿ. 4.20ರ ಆಸುಪಾಸು ಇರಬೇಕು, 4.25 ದಾಟಿದರೆ ಆ ಚಾರ್ಜರನ್ನು ವಾಪಸ್ ಕೊಡಿ. ಚಾರ್ಜ್ ಆಗುವಾಗ ಪ್ಯಾಕ್ ಹಾಸಿಗೆಯ ಮೇಲಿರಬಾರದು, ಮರದ ಕಪಾಟಿನಲ್ಲೂ ಬೇಡ. ಟೈಲ್ಸ್ ನೆಲವೋ ಮಣ್ಣಿನ ಕುಂಡವೋ ಒಳ್ಳೆಯದು, ಮನೆಯಲ್ಲಿ ಯಾರಾದರೂ ಎಚ್ಚರವಾಗಿ ಹತ್ತಿರವೇ ಇರಬೇಕು. ಹಾರಾಟ ಮುಗಿಸಿ ಬಂದ ಬಿಸಿ ಪ್ಯಾಕನ್ನು ಹಾಗೇ ಚಾರ್ಜಿಗೆ ಹಾಕಬೇಡಿ.

ವಾರಗಟ್ಟಲೆ ಹಾರಿಸುವುದಿಲ್ಲ ಎಂದಾದರೆ ಚಾರ್ಜರಿನಲ್ಲಿರುವ ‘ಸ್ಟೋರೇಜ್’ ಕ್ರಮವನ್ನು ಬಳಸಿ. ಅದು ಪ್ರತಿ ಸೆಲ್ಲನ್ನೂ 3.8 ವೋಲ್ಟಿನ ಹತ್ತಿರ ತಂದು ನಿಲ್ಲಿಸುತ್ತದೆ. ಪೂರ್ತಿ ತುಂಬಿಟ್ಟ ಲಿಥಿಯಂ ಸೆಲ್ ಬಿಸಿಯಲ್ಲಿ ಬೇಗ ಮುಪ್ಪಾಗುತ್ತದೆ. ಮೇ ತಿಂಗಳ ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ ಅದಕ್ಕೆ ಅತಿ ಕೆಟ್ಟ ಜಾಗ. ಊದಿಕೊಂಡ ಪ್ಯಾಕೆಂದರೆ ಎಲೆಕ್ಟ್ರೊಲೈಟು ಒಡೆದು ಅನಿಲವಾಗಿದೆ ಎಂದರ್ಥ. ಅದನ್ನು ಚುಚ್ಚಬೇಡಿ, ಇನ್ನೊಂದು ಸಲ ಚಾರ್ಜ್ ಮಾಡಿ ನೋಡೋಣವೆಂಬ ಆಸೆಯೂ ಬೇಡ. ಹೊರಾಂಗಣದಲ್ಲಿಟ್ಟು, ಕಾರಿನ ಹೆಡ್‌ಲೈಟ್ ಬಲ್ಬನ್ನು ಜೋಡಿಸಿ ಬರಿದು ಮಾಡಿ, ವೈರಿನ ತುದಿಗಳನ್ನು ಒಂದೊಂದಾಗಿ ಇನ್ಸುಲೇಶನ್ ಟೇಪಿನಿಂದ ಮುಚ್ಚಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ, ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಬೆಳಗಿನ ಕಸದ ಗಾಡಿಗೆ ಮಾತ್ರ ಹಾಕಬೇಡಿ. ಗಾಡಿಯೊಳಗೆ ಅಮುಕಿದಾಗ ಪ್ಯಾಕ್ ಜಜ್ಜಿ ಹೊತ್ತಿಕೊಂಡರೆ ಸುಡುವುದು ಅಲ್ಲಿ ನಿಂತ ಪೌರಕಾರ್ಮಿಕರ ಕೈ.